ವೋಚರ್ ಇಲ್ಲದ ಜೈಕಾರ

ಸೆಪ್ಟೆಂಬರ್ 23 ಹತ್ತಿರ ಬಂತೆಂದರೆ ಸಾಕು, ನಮ್ಮ ಕನ್ನಡ ಬಳಗದವರ ಮೊಬೈಲುಗಳಲ್ಲಿ ಕುದುರೆಗಳು ಓಡತೊಡಗುತ್ತವೆ. ಮೈಸೂರು ಲ್ಯಾನ್ಸರ್ಸ್, ಹೈಫಾ, 1918. ಈಟಿ ಹಿಡಿದ ಕನ್ನಡಿಗರು ಮೆಶಿನ್‌ಗನ್ನಿಗೆ ಎದೆಯೊಡ್ಡಿ ಊರು ಗೆದ್ದರು, ಜಗತ್ತಿನ ಚರಿತ್ರೆಯಲ್ಲೇ ಅದು ಕೊನೆಯ ಕುದುರೆ ದಾಳಿ, ನಮ್ಮ ಪಠ್ಯಪುಸ್ತಕಗಳು ಬೇಕಂತಲೇ ಇದನ್ನು ಮುಚ್ಚಿಟ್ಟವು. ಇಷ್ಟು ಹೇಳಿ ಕೊನೆಗೊಂದು ಜೈಕಾರ.

ಅದಕ್ಕೆ ಉತ್ತರವಾಗಿ ಇನ್ನೊಂದು ಗುಂಪು ಏಳುತ್ತೆ. "ಅವರೇನು ದೇಶಕ್ಕಾಗಿ ಸತ್ತವರಾ? ಬ್ರಿಟಿಷರ ಸಾಮ್ರಾಜ್ಯಕ್ಕೆ ಕೂಲಿಗೆ ಹೋದವರು. ಅವರ ಸ್ಮರಣೆ ನಮಗ್ಯಾಕೆ?" ಅಂತ. ಎರಡು ದಿನ ಜಗಳ ನಡೆಯುತ್ತೆ. ಮೂರನೇ ದಿನ ಎರಡೂ ಗುಂಪಿನವರು ಎಲ್ಲವನ್ನೂ ಮರೆತು ಪರೀಕ್ಷೆಯ ಟೈಂಟೇಬಲ್ ಹುಡುಕುತ್ತಾರೆ.

ನನ್ನ ತಕರಾರು ಎರಡೂ ಗುಂಪಿನ ಮೇಲೆ. ತೀರ್ಪು ಕೊಡೋದಕ್ಕೆ ಇಬ್ಬರಿಗೂ ಆತುರ, ಕಾಗದ ನೋಡೋದಕ್ಕೆ ಇಬ್ಬರಿಗೂ ಪುರುಸೊತ್ತಿಲ್ಲ. ನಾವು ಕಾಮರ್ಸಿನವರು ಆಡಿಟಿಂಗಿನಲ್ಲಿ ಮೊದಲು ಕಲಿಯುವ ಪಾಠ ಒಂದೇ: ಎಂಟ್ರಿ ಎಷ್ಟೇ ಅಂದವಾಗಿರಲಿ, ಅದರ ಹಿಂದೆ ವೋಚರ್ ಇದೆಯಾ ನೋಡು. ಅಂಗಡಿಯ ಹತ್ತು ರೂಪಾಯಿ ಖರ್ಚಿಗೆ ನಾವು ರಸೀದಿ ಕೇಳುತ್ತೇವೆ. ಮನುಷ್ಯರ ಪ್ರಾಣದ ಲೆಕ್ಕಕ್ಕೆ ಮಾತ್ರ ಫಾರ್ವರ್ಡ್ ಆಗಿ ಬಂದ ಮೆಸೇಜು ಸಾಕೆ? ಸಾಹಿತ್ಯದ ಹುಡುಗರು "ಇದು ಭಾವನೆಯ ವಿಷಯ, ನಿಮ್ಮ ಲೆಕ್ಕ ಇಲ್ಲಿ ಬೇಡ" ಅನ್ನಬಹುದು. ಲೆಕ್ಕ ನೋಡಿದ ಮೇಲೂ ಉಳಿಯುವ ಭಾವನೆಯೇ ಗಟ್ಟಿ ಭಾವನೆ ಅನ್ನೋದು ನನ್ನ ವಾದ.

ಮೊದಲು ಕಾಗದ ಎಲ್ಲಿದೆ, ಹೇಗಿದೆ ಅನ್ನೋದನ್ನು ನೋಡೋಣ.

ಬ್ರಿಟಿಷ್ ಸೈನ್ಯದ ಜೊತೆ ಯುದ್ಧಕ್ಕೆ ಹೋದ ಪ್ರತಿಯೊಂದು ಪಡೆಯೂ ಪ್ರತಿದಿನ ಒಂದು ದಿನಚರಿ ಬರೆಯಬೇಕಿತ್ತು. ಅದಕ್ಕೆ 'ವಾರ್ ಡೈರಿ' ಅಂತ ಹೆಸರು. ಸ್ವಂತ ಸುಖದುಃಖ ಬರೆದುಕೊಳ್ಳುವ ಡೈರಿ ಅಲ್ಲ ಇದು. ಸಿ 2118 ಅನ್ನುವ ಅಚ್ಚಾದ ಸೈನ್ಯದ ಫಾರಂ. ಸ್ಥಳ, ತಾರೀಖು, ಹೊತ್ತು, ನಡೆದ ಸಂಗತಿ, ಷರಾ ಅಂತ ಅಂಕಣಗಳು. ನೋಡಿದ ಕೂಡಲೇ ನಮ್ಮ ಜರ್ನಲ್ ಪುಸ್ತಕ ನೆನಪಾಗುತ್ತೆ. ಡೇಟು, ಪರ್ಟಿಕ್ಯುಲರ್ಸ್, ಕೊನೆಗೆ ಲೆಡ್ಜರ್ ಫೋಲಿಯೋ ಇರುವ ಕಡೆ ಇಲ್ಲಿ ಲಗತ್ತುಗಳ ನಂಬರು. ಬರೆಯುವವನು ಪಡೆಯ ಒಬ್ಬ ಅಧಿಕಾರಿ, ಬರೆಯುವುದು ಇಂಗ್ಲಿಷಿನಲ್ಲಿ. ರಾತ್ರಿ ಡೇರೆಯಲ್ಲಿ ಕೂತು ಗೀಚಿದ್ದು. ಇದು ಕೀರ್ದಿ.

ಈ ಕೀರ್ದಿಯಿಂದ ಮೇಲಿನ ದಂಡನಾಯಕ ತನ್ನ ವರದಿ ಬರೆಯುತ್ತಾನೆ. ಪ್ಯಾಲೆಸ್ತೀನಿನಲ್ಲಿ ಮುಖ್ಯ ದಂಡನಾಯಕನಾಗಿದ್ದ ಜನರಲ್ ಅಲೆನ್‌ಬಿ 1918ರ ಅಕ್ಟೋಬರ್ 31ರಂದು ಕಳಿಸಿದ ವರದಿ ಅಂಥದ್ದು. ಅದು ಕಂಪನಿಯ ಡೈರೆಕ್ಟರರ ವರದಿ ಇದ್ದ ಹಾಗೆ. ಸುಳ್ಳಿಲ್ಲ, ಆದರೆ ಷೇರುದಾರರಿಗೆ ಸಂತೋಷವಾಗುವಂತೆ ಬರೆದದ್ದು. ಇವೆಲ್ಲ ಆದ ಮೇಲೆ ಸರ್ಕಾರ ಬರೆಸುವ ಅಧಿಕೃತ ಚರಿತ್ರೆ ಬರುತ್ತೆ. ಪ್ಯಾಲೆಸ್ತೀನ್ ಯುದ್ಧದ್ದನ್ನು ಸಿರಿಲ್ ಫಾಲ್ಸ್ ಬರೆದು 1930ರಲ್ಲಿ ಮುಗಿಸಿದ. ಅದು ವರ್ಷದ ಕೊನೆಯ ಲೆಕ್ಕ, ಫೈನಲ್ ಅಕೌಂಟ್ಸ್. ನಮ್ಮ ಭಾಷಣಗಳೆಲ್ಲ ಫೈನಲ್ ಅಕೌಂಟ್ಸಿನ ಸಾರಾಂಶದ ಸಾರಾಂಶ. ಕೀರ್ದಿ ತೆರೆದು ನೋಡಿದವರು ಬೆರಳೆಣಿಕೆ.

ಕೀರ್ದಿ ಇರುವುದು ದೂರದಲ್ಲಿ ಅನ್ನೋದು ನಿಜ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯುಓ 95 ಅನ್ನುವ ಸಾಲಿನಲ್ಲಿ ವಾರ್ ಡೈರಿಗಳಿವೆ. ಇಂಡಿಯಾ ಆಫೀಸಿನ ಮಿಲಿಟರಿ ಕಡತಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ದಿಲ್ಲಿಯ ಜನಪಥದಲ್ಲಿ ನಮ್ಮದೇ ರಾಷ್ಟ್ರೀಯ ಪತ್ರಾಗಾರವಿದೆ. 1891ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಸಂಸ್ಥೆ ಅದು. ಅದರ 'ಅಭಿಲೇಖ್ ಪಟಲ್' ಅನ್ನುವ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಎಷ್ಟೋ ಕಡತಗಳನ್ನು ಮನೆಯಲ್ಲೇ ಕೂತು ಓದಬಹುದು. ಮೈಸೂರು ಸಂಸ್ಥಾನದ ಸ್ವಂತ ಕಡತಗಳು ಬೆಂಗಳೂರಿನ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಇನ್ನೊಂದು ದಾರಿ ನಮಗೆ ಹೊಳೆಯುವುದೇ ಇಲ್ಲ, ಅದು ಆಸ್ಟ್ರೇಲಿಯಾ. ಮೈಸೂರು ಪಡೆ ಇದ್ದದ್ದು ಡೆಸರ್ಟ್ ಮೌಂಟೆಡ್ ಕೋರ್ ಎಂಬ ದೊಡ್ಡ ಕುದುರೆ ಸೈನ್ಯದ ಒಳಗೆ. ಅದರ ದಂಡನಾಯಕ ಹ್ಯಾರಿ ಷೋವೆಲ್ ಆಸ್ಟ್ರೇಲಿಯಾದವನು. ಹೀಗಾಗಿ ಆ ಕೋರಿನ ಕೇಂದ್ರ ಕಚೇರಿಯ ವಾರ್ ಡೈರಿಯನ್ನು ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನವರು ಪುಟಪುಟವಾಗಿ ಚಿತ್ರ ತೆಗೆದು ಪುಕ್ಕಟೆ ಓದಲು ಬಿಟ್ಟಿದ್ದಾರೆ. ಕುರ್ಲಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ಕಾಯುತ್ತಾ ನೀವು ಅದನ್ನು ಓದಬಹುದು.

ಹುಡುಕುವಾಗ ಹೆಸರಿನ ತೊಡಕೊಂದಿದೆ. ನಾವು 'ಮೈಸೂರು ಲ್ಯಾನ್ಸರ್ಸ್' ಅನ್ನುತ್ತೇವೆ. ಆ ಕಾಲದ ಕಾಗದದಲ್ಲಿ ಅದು 'ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್'. ಸಂಸ್ಥಾನಗಳು ಸ್ವಂತ ಖರ್ಚಿನಲ್ಲಿ ಸಾಕಿ, ಸಾಮ್ರಾಜ್ಯ ಕೇಳಿದಾಗ ಕಳಿಸಬೇಕಾದ ಪಡೆಗಳಿಗೆ 1889ರಿಂದ ಇದ್ದ ಹೆಸರು ಇಂಪೀರಿಯಲ್ ಸರ್ವಿಸ್. ಮೈಸೂರು, ಹೈದರಾಬಾದ್ ಮೊದಲಾದ ಸಂಸ್ಥಾನಗಳ ಕುದುರೆ ಪಡೆಗಳು ಸೇರಿ ಆದದ್ದು ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್. 1918ರಲ್ಲಿ ಅದಕ್ಕೆ 15 ಅನ್ನುವ ನಂಬರು ಬಿತ್ತು. ಯುದ್ಧದ ನಂತರ ಇಂಥ ಪಡೆಗಳೆಲ್ಲ 'ಇಂಡಿಯನ್ ಸ್ಟೇಟ್ಸ್ ಫೋರ್ಸಸ್' ಆದವು. 1953ರಲ್ಲಿ ಮೈಸೂರಿನ ಈ ಕುದುರೆ ಪಡೆ ಬೇರೆ ಸಂಸ್ಥಾನಗಳ ಪಡೆಗಳ ಜೊತೆ ಸೇರಿ 61ನೇ ಕ್ಯಾವಲ್ರಿ ಆಯಿತು. ಒಂದೇ ಪಾರ್ಟಿ, ನಾಲ್ಕು ಹೆಸರಿನ ಖಾತೆ. ಒಂದೇ ಖಾತೆ ನೋಡಿ "ಏನೂ ಸಿಗಲಿಲ್ಲ, ಮುಚ್ಚಿಟ್ಟಿದ್ದಾರೆ" ಅಂತ ಕೂಗಿದರೆ ತಪ್ಪು ಕಾಗದದ್ದಲ್ಲ.

ಈಗ ಹೈಫಾದ ಎಂಟ್ರಿಯನ್ನೇ ಪರೀಕ್ಷೆಗೆ ತೆಗೆದುಕೊಳ್ಳೋಣ.

1914ರ ಕೊನೆಯಲ್ಲಿ ಈಜಿಪ್ಟಿಗೆ ಹೋದ ಮೈಸೂರಿನ ಪಡೆ ಸೂಯೆಜ್ ಕಾಲುವೆ ಕಾದು, ಸಿನಾಯ್ ಮರುಭೂಮಿ ದಾಟಿ ಪ್ಯಾಲೆಸ್ತೀನ್ ಸೇರುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. 1918ರ ಸೆಪ್ಟೆಂಬರ್ 19ರಂದು ಅಲೆನ್‌ಬಿಯ ಕಾಲಾಳು ಪಡೆಗಳು ತುರ್ಕರ ಸಾಲನ್ನು ಮುರಿದವು, ಕುದುರೆ ಪಡೆಗಳು ಆ ಕಂಡಿಯಿಂದ ಒಳನುಗ್ಗಿದವು. 22ರಂದು ಹೈಫಾ ಖಾಲಿಯಾಗಿದೆ ಅನ್ನುವ ಸುದ್ದಿ ನಂಬಿ ಹೋದ ಕಾರುಗಳ ಒಂದು ತುಕಡಿ ಗುಂಡಿನೇಟು ತಿಂದು ವಾಪಸಾಯಿತು. ಮರುದಿನ ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್ ಕೈಕೆಳಗಿನ 15ನೇ ಬ್ರಿಗೇಡಿಗೆ ಹೈಫಾ ಹಿಡಿಯುವ ಕೆಲಸ ಬಂತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಷೋನ್ ಹೊಳೆಯ ಕೆಸರು, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಶಿನ್‌ಗನ್.

ಮೈಸೂರಿನ ಒಂದು ಸ್ಕ್ವಾಡ್ರನ್ನನ್ನು ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಲು ಕಳಿಸಿದರು. ಅದರ ನೆರವಿಗೆ ಆಮೇಲೆ ಇಂಗ್ಲಿಷರ ಶೆರ್ವುಡ್ ರೇಂಜರ್ಸ್ ಪಡೆಯ ಒಂದು ಸ್ಕ್ವಾಡ್ರನ್ ಬಂತು. ಮಧ್ಯಾಹ್ನ 2 ಗಂಟೆಗೆ ಜೋಧಪುರದವರು ಕೆಳಗಿನಿಂದ ನುಗ್ಗಿದರು. ಹೊಳೆಯ ದಂಡೆಯಲ್ಲಿ ಮುಂದೆ ಹೋದ ಕುದುರೆಗಳು ಹೂತುಹೋಗಲು ಶುರುವಾದಾಗ ಎಡಕ್ಕೆ ತಿರುಗಿ, ಬೆಟ್ಟದ ಬುಡದ ಮೆಶಿನ್‌ಗನ್ನುಗಳ ಮೇಲೆ ಬಿದ್ದು, ದಾರಿ ತೆರೆದು ಊರೊಳಗೆ ಹೊಕ್ಕರು. ಜೋಧಪುರದ ಮೇಜರ್ ದಲಪತ್ ಸಿಂಗ್ ಅಲ್ಲಿ ಪ್ರಾಣ ಬಿಟ್ಟರು. ಮೈಸೂರಿನ ಉಳಿದ ಪಡೆ ಹಿಂದೆಯೇ ನುಗ್ಗಿತು. ಸಂಜೆಯ ಲೆಕ್ಕ: 1,350 ಕೈದಿಗಳು, 17 ಫಿರಂಗಿ, 11 ಮೆಶಿನ್‌ಗನ್. ನಮ್ಮ ಕಡೆ 8 ಸಾವು, 34 ಗಾಯ. ಕುದುರೆಗಳು 60 ಸತ್ತು 83 ಗಾಯಗೊಂಡವು.

ಈ ಕಾಗದಗಳನ್ನು ಮುಂದಿಟ್ಟುಕೊಂಡು ನಮ್ಮ ಫಾರ್ವರ್ಡನ್ನು ಟಿಕ್ ಮಾಡುತ್ತಾ ಬನ್ನಿ.

'ಈಟಿ ಮಾತ್ರ ಹಿಡಿದು' ಅನ್ನುವುದು ಟ್ಯಾಲಿ ಆಗೋದಿಲ್ಲ. ಬ್ರಿಗೇಡಿನ ಬೆನ್ನಿಗೆ ಫಿರಂಗಿ ಬ್ಯಾಟರಿಯಿತ್ತು, ಸ್ವಂತ ಮೆಶಿನ್‌ಗನ್ನುಗಳಿದ್ದವು. 'ಮೂರೂ ಸಂಸ್ಥಾನಗಳ ಪಡೆ ಸೇರಿ ಹೈಫಾ ಗೆದ್ದವು' ಅನ್ನುವುದೂ ಆಗೋದಿಲ್ಲ. ಹೈದರಾಬಾದಿನ ಪಡೆ ಆಗ ಹಿಂದೆ ಸಿಕ್ಕ ಕೈದಿಗಳನ್ನು ಕರೆದೊಯ್ಯುವ ಕೆಲಸದಲ್ಲಿತ್ತು. ಹಾಗಾದರೆ ದಿಲ್ಲಿಯ ತೀನ್ ಮೂರ್ತಿಯಲ್ಲಿ ಮೂರನೇ ಪ್ರತಿಮೆ ಯಾಕೆ ಅಂತ ಕೇಳುತ್ತೀರಿ. 1922ರಲ್ಲಿ ನಿಂತ ಆ ಸ್ಮಾರಕ ಸಿನಾಯ್, ಪ್ಯಾಲೆಸ್ತೀನ್, ಸಿರಿಯಾಗಳ ಇಡೀ ಯುದ್ಧಕ್ಕೆ, ಇಡೀ ಬ್ರಿಗೇಡಿಗೆ ಸೇರಿದ್ದು. 2018ರಲ್ಲಿ ಆ ಚೌಕಕ್ಕೆ ಹೈಫಾ ಹೆಸರು ಸೇರಿದ ಮೇಲೆ, ನಾಲ್ಕು ವರ್ಷದ ಲೆಕ್ಕ ಒಂದು ಮಧ್ಯಾಹ್ನದ ಲೆಕ್ಕವಾಗಿ ಕುಗ್ಗಿತು. ಕೈದಿಗಳನ್ನು ಕಾದವನೂ ಯುದ್ಧ ಮಾಡಿದವನೇ. ಅವನು ಮಾಡಿದ ಕೆಲಸದ ಹೆಸರಿನಲ್ಲೇ ಅವನನ್ನು ನೆನೆಯಬಹುದಲ್ಲ?

ಇನ್ನು 'ಕೊನೆಯ ಕುದುರೆ ದಾಳಿ'. ಇದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂಟ್ರಿ. ಅದನ್ನು ತಪ್ಪು ಅಂತ ತೋರಿಸುವ ವೋಚರ್ ಮೈಸೂರಿನ ಪಡೆಯ ಹತ್ತಿರವೇ ಇದೆ.

ಹೈಫಾ ಆಗಿ ಒಂದು ತಿಂಗಳು ಮೂರು ದಿನಕ್ಕೆ, 1918ರ ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ನಗರದ ಉತ್ತರಕ್ಕೆ ಹರಿತಾನ್ ಎಂಬ ಹಳ್ಳಿಯ ಹತ್ತಿರ ಮೈಸೂರು ಮತ್ತು ಜೋಧಪುರದ ಪಡೆಗಳು ಮತ್ತೆ ಕುದುರೆಯೇರಿ ದಾಳಿ ಮಾಡಿದವು. ಎದುರಿಗಿದ್ದದ್ದು ಹಿಮ್ಮೆಟ್ಟುತ್ತಿದ್ದ ತುರ್ಕಿ ಏಳನೇ ಸೈನ್ಯದ ಬೆನ್ನು ಕಾಯುವ ದಳ. ಆ ಸೈನ್ಯದ ದಳಪತಿ ಮುಂದೆ ತುರ್ಕಿಯ ಅಧ್ಯಕ್ಷನಾದ ಮುಸ್ತಫಾ ಕಮಾಲ್. ಶತ್ರುವಿನ ಸಂಖ್ಯೆ ಅಂದಾಜಿಗಿಂತ ಬಹಳ ಹೆಚ್ಚಿತ್ತು. ದಾಳಿ ಸಾಲಿನೊಳಗೆ ಹೊಕ್ಕಿತು, ಆದರೆ ನಿಲ್ಲಲಾಗದೆ ವಾಪಸು ಬರಬೇಕಾಯಿತು. ಬೇರೆ ಬ್ರಿಗೇಡ್ ಬಂದು ಸೇರಿದ ಮೇಲೆ, ಆ ರಾತ್ರಿ ತುರ್ಕರು ತಾವಾಗಿಯೇ ಹಿಂದೆ ಸರಿದರು. ನಮ್ಮ ಕಡೆ 21 ಸಾವು, 56 ಗಾಯ, 3 ಜನ ಕಾಣೆ. ಸತ್ತವರಲ್ಲಿ ಜೋಧಪುರ ಪಡೆಯ ಜೊತೆಗಿದ್ದ ಲೆಫ್ಟಿನೆಂಟ್ ಕರ್ನಲ್ ಹೋಲ್ಡನ್ ಕೂಡ ಒಬ್ಬ. ಇನ್ನು ಐದು ದಿನ ತಡೆದಿದ್ದರೆ ಯುದ್ಧವೇ ಮುಗಿಯುತ್ತಿತ್ತು. ಅಕ್ಟೋಬರ್ 30ರಂದು ಮುದ್ರೋಸ್‌ನಲ್ಲಿ ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿತು.

ಹೈಫಾದಲ್ಲಿ 8, ಹರಿತಾನಿನಲ್ಲಿ 21. ಎರಡೂವರೆ ಪಟ್ಟಿಗಿಂತ ಹೆಚ್ಚು. ಹರಿತಾನ್ ಹೆಸರು ಹೇಳುವ ಒಂದು ಫಾರ್ವರ್ಡನ್ನಾದರೂ ನೀವು ಕಂಡಿದ್ದೀರಾ? ಕಾರಣ ಸರಳ. ಹೈಫಾ ಲಾಭದ ಖಾತೆ, ಹರಿತಾನ್ ನಷ್ಟದ ಖಾತೆ. ಲಾಭ ಮಾತ್ರ ತೋರಿಸಿ ನಷ್ಟ ಅಡಗಿಸುವ ಕಂಪನಿಯನ್ನು ನಾವು ಏನಂತ ಕರೆಯುತ್ತೇವೆ? ಸತ್ತವನಿಗೆ ಗೆಲುವು ಸೋಲಿನ ಭೇದವಿಲ್ಲ, ಅವನ ಹೆಂಡತಿ ಮಕ್ಕಳಿಗೂ ಇಲ್ಲ. ಆ ಭೇದ ಮಾಡುವವರು ವೇದಿಕೆಯ ಮೇಲಿರುವ ನಾವು. ಇದೇ ಮಾತು ಎರಡನೇ ಮಹಾಯುದ್ಧಕ್ಕೂ ಅನ್ವಯಿಸುತ್ತೆ. ಮೈಸೂರಿನ ಒಂದನೇ ಇನ್‌ಫೆಂಟ್ರಿ ಪಡೆ 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಅಲ್ಲಿತ್ತು, ಜಪಾನೀಯರ ಕೈಗೆ ಸೆರೆ ಸಿಕ್ಕಿತು. ಅದಕ್ಕೆ ಯಾವ 'ದಿನ'ವೂ ಇಲ್ಲ, ಯಾವ ಹಾರವೂ ಇಲ್ಲ.

ಕುದುರೆ ದಾಳಿಗಳೂ ಅಲ್ಲಿಗೆ ಮುಗಿಯಲಿಲ್ಲ. 1942ರಲ್ಲಿ ಬರ್ಮಾದ ಟೌಂಗೂ ಹತ್ತಿರ ಜಪಾನೀಯರ ಮೇಲೆ, ಅದೇ ವರ್ಷ ಆಗಸ್ಟಿನಲ್ಲಿ ರಷ್ಯದ ಬಯಲಿನಲ್ಲಿ ಇಟಲಿಯವರಿಂದ, ಇಂಥ ದಾಳಿಗಳು ನಡೆದವು. 'ಕೊನೆಯದು' ಅನ್ನುವ ಬಿರುದು ಬಿಟ್ಟರೂ ಹೈಫಾಕ್ಕೆ ಒಂದು ಕೂದಲೂ ಕೊಂಕುವುದಿಲ್ಲ. ಇಕ್ಕಟ್ಟಿನ ದಾರಿಯಲ್ಲಿ, ಹೂಳುವ ದಂಡೆಯಲ್ಲಿ, ಹಗಲು ಬೆಳಕಿನಲ್ಲಿ ಅವರು ಮಾಡಿದ್ದು ಹಾಗೇ ಉಳಿಯುತ್ತೆ. ನಿಜವೇ ಇಷ್ಟಿರುವಾಗ ಮೇಲೆ ಬಣ್ಣ ಯಾಕೆ?

ಇಷ್ಟು ಹೇಳಿದ್ದಕ್ಕೆ ಕಾಗದವೇ ದೇವರು ಅಂತ ನಾನು ಹೇಳಿದ ಹಾಗಾಗಬಾರದು. ಆಡಿಟರ್ ವೋಚರನ್ನೂ ಸಂಶಯದಿಂದ ನೋಡಬೇಕು. ವಾರ್ ಡೈರಿ ಬರೆದವನು ಅಧಿಕಾರಿ. ಅವನ ಕಣ್ಣಿಗೆ ಅಧಿಕಾರಿಗಳಿಗೆ ಹೆಸರಿದೆ, ಸಿಪಾಯಿಗಳಿಗೆ ಬಹಳ ಸಲ ಸಂಖ್ಯೆ ಮಾತ್ರ. ಸೈಸ್, ಅಡಿಗೆಯವ, ನೀರಿನವ, ಹೇಸರಗತ್ತೆ ನಡೆಸುವವ, ಇವರೆಲ್ಲ 'ಫಾಲೋವರ್ಸ್' ಅನ್ನುವ ಒಂದು ಸಾಲು. ಆ ಮಹಾಯುದ್ಧಕ್ಕೆ ಭಾರತದಿಂದ ಸೇರಿದ ಸುಮಾರು 14 ಲಕ್ಷ ಜನರಲ್ಲಿ 5.6 ಲಕ್ಷ ಜನ ಕತ್ತಿ ಬಂದೂಕು ಹಿಡಿದವರಲ್ಲ, ಇಂಥ ಕೆಲಸದವರು. ಹೈಫಾದ ಲೆಕ್ಕದಲ್ಲಿ 60 ಕುದುರೆ ಅಂತ ಖಚಿತವಾಗಿ ಬರೆದಿದೆ. ಕುದುರೆ ಸರ್ಕಾರದ ಆಸ್ತಿ, ಅದಕ್ಕೆ ಬೆಲೆಯಿದೆ, ಸತ್ತರೆ ಪುಸ್ತಕದಿಂದ ವಜಾ ಮಾಡಬೇಕು. ಆ ಕುದುರೆಗೆ ನಾಲ್ಕು ವರ್ಷ ಹುಲ್ಲು ಹಾಕಿದವನ ಹೆಸರು ಯಾವ ಪುಸ್ತಕದಲ್ಲಿ ಹುಡುಕೋಣ?

ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ಅಂತ ಒಂದಿದೆ, 1917ರಲ್ಲಿ ಆದದ್ದು. ಸತ್ತ ಪ್ರತಿಯೊಬ್ಬನಿಗೂ ಸಮಾನ ಸ್ಮಾರಕ ಅನ್ನುವುದು ಅದರ ಪ್ರತಿಜ್ಞೆ. 2021ರಲ್ಲಿ ಆ ಆಯೋಗದ್ದೇ ಸಮಿತಿ ಹೇಳಿತು: ಏಷ್ಯಾ ಆಫ್ರಿಕಾಗಳ ಕನಿಷ್ಠ 1,16,000 ಜನರನ್ನು, ಪ್ರಾಯಶಃ 3,50,000 ಜನರನ್ನು, ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ. ಬಿಳಿಯರಿಗೆ ಹೆಸರು, ಉಳಿದವರಿಗೆ ಮೊತ್ತ. ಭಾರತದ ಎಷ್ಟೋ ಹಳ್ಳಿಗಳಲ್ಲಿ ಗೋಡೆಗೆ ಹಾಕಿದ ಕಲ್ಲುಗಳಿವೆ, 'ಈ ಹಳ್ಳಿಯಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು' ಅಂತ. ಅಲ್ಲೂ ಸಂಖ್ಯೆ ಮಾತ್ರ.

ಸಾಮ್ರಾಜ್ಯಕ್ಕೆ ಕೂಲಿಗೆ ಹೋದವರು ಅನ್ನುವ ಗೆಳೆಯರಿಗೆ ನನ್ನ ಮಾತು ಇಲ್ಲಿಯೇ. ನೀವು ಹೇಳುವುದರಲ್ಲಿ ಅರ್ಧ ನಿಜವಿದೆ. ಆಗ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಕಾಲಾಳು ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಮೈಸೂರು ಸಂಸ್ಥಾನ 1914ರಲ್ಲಿ ಯುದ್ಧದ ಖರ್ಚಿಗೆ ಅಂತ ಕೊಟ್ಟ ಕಾಣಿಕೆ 50 ಲಕ್ಷ ರೂಪಾಯಿ. ಭಾಗಿಸಿ ನೋಡಿ, ಸುಮಾರು 37,900 ಸಿಪಾಯಿಗಳ ಒಂದು ವರ್ಷದ ಸಂಬಳ ಅದು. ಪ್ರತಿವರ್ಷ ಬ್ರಿಟಿಷರಿಗೆ ಕಟ್ಟುತ್ತಿದ್ದ 35 ಲಕ್ಷ ಕಪ್ಪದ ಮೇಲೆ ಇದು. ಆ ಹಣ ಯಾವ ಬಾಬಿನಿಂದ ಹೋಯಿತು, ಆ ವರ್ಷಗಳಲ್ಲಿ ಯಾವ ಶಾಲೆ, ಯಾವ ಕೆರೆಯ ಕೆಲಸ ನಿಂತಿತು? ಇದು ಸಾಮ್ರಾಜ್ಯಶಾಹಿಯನ್ನು ನಿಜವಾಗಿ ಪ್ರಶ್ನಿಸುವ ಪ್ರಶ್ನೆ. ಇದರ ಉತ್ತರ ಹುಡುಕಬೇಕಾದದ್ದು ಸಂಸ್ಥಾನದ ಆಡಳಿತ ವರದಿಗಳಲ್ಲಿ, ಲೆಕ್ಕದ ಕಡತಗಳಲ್ಲಿ. 'ನಮಗ್ಯಾಕೆ' ಅಂತ ಬಾಗಿಲು ಹಾಕಿದರೆ ಬ್ರಿಟಿಷರ ಲೆಕ್ಕವನ್ನು ಪಾಸ್ ಮಾಡಿಕೊಟ್ಟ ಹಾಗೆ. ಆ ಪಡೆಯಲ್ಲಿ ಮುಸ್ಲಿಮರಿದ್ದರು. ಅವರನ್ನು ಕಳಿಸಿದ್ದು ತುರ್ಕಿಯ ಖಲೀಫನ ಸೈನ್ಯದ ಎದುರಿಗೆ. ಆ ಮನಸ್ಸುಗಳಲ್ಲಿ ಏನಿತ್ತು ಅಂತ ಕೇಳದೆ ಅವರನ್ನು ಒಂದೇ ಶಬ್ದದಲ್ಲಿ 'ವೀರರು' ಅನ್ನುವುದೂ ಸುಲಭ, 'ಕೂಲಿಗಳು' ಅನ್ನುವುದೂ ಸುಲಭ.

ಇದೆಲ್ಲ ಮೈಸೂರಿನವರ ಪಾಡು, ಮುಂಬಯಿಯಲ್ಲಿರುವ ನಮಗೇನು ಅನ್ನಬೇಡಿ. ನಾವು ದಿನಾ ಓಡಾಡುವ ಲೈನಿನಲ್ಲೇ ಇದರ ಕುರುಹುಗಳಿವೆ. ಕುರ್ಲಾದಿಂದ ಸಿಎಸ್‌ಎಂಟಿ ಲೋಕಲ್ ಹತ್ತಿ. ಮಸ್ಜಿದ್ ಸ್ಟೇಷನ್ನಿನ ಪೂರ್ವಕ್ಕೆ ಇಂಡಿಯನ್ ಸೇಲರ್ಸ್ ಹೋಮ್ ಇದೆ. ಒಂದನೇ ಮಹಾಯುದ್ಧದಲ್ಲಿ ಸಮುದ್ರದ ಪಾಲಾದ 2,000ಕ್ಕೂ ಹೆಚ್ಚು ನಾವಿಕರ ಸ್ಮಾರಕ ಅಲ್ಲಿದೆ. ನಮ್ಮಲ್ಲಿ ಎಷ್ಟು ಜನ ಆ ಬಾಗಿಲು ನೋಡಿದ್ದೇವೆ? ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಕಾಲಾಘೋಡಾ. ಆ ಹೆಸರು ಬಂದದ್ದು ಏಳನೇ ಎಡ್ವರ್ಡ್ ದೊರೆಯ ಕುದುರೆ ಪ್ರತಿಮೆಯಿಂದ. 1965ರಲ್ಲಿ ಆ ಪ್ರತಿಮೆಯನ್ನು ತೆಗೆದು ಭಾಯಖಳಾದ ಜಿಜಾಮಾತಾ ಉದ್ಯಾನಕ್ಕೆ ಸಾಗಿಸಿದರು. 2017ರಲ್ಲಿ ಅಲ್ಲಿ ಹೊಸ ಕುದುರೆ ನಿಲ್ಲಿಸಿದರು, ಬೆನ್ನ ಮೇಲೆ ಸವಾರ ಇಲ್ಲ. ಅಲ್ಲೇ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ 1821ರಲ್ಲಿ ಶುರುವಾದ ಪತ್ರಾಗಾರವಿದೆ, ಈಗ ಮಹಾರಾಷ್ಟ್ರ ಸರ್ಕಾರದ್ದು.

ಆ ಪತ್ರಾಗಾರ ಕನ್ನಡಿಗರದ್ದೂ ಹೌದು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು 1956ರವರೆಗೆ ಮುಂಬಯಿ ಸರ್ಕಾರದ ಕೈಕೆಳಗಿದ್ದವು. ಆ ಜಿಲ್ಲೆಗಳಿಂದ ಕಲೆಕ್ಟರರು ಬರೆದ ಕಾಗದವೆಲ್ಲ ಬಂದು ಸೇರುತ್ತಿದ್ದದ್ದು ಈ ಊರಿಗೆ. ಯುದ್ಧಕ್ಕೆ ಜನ ಕೂಡಿಸಿದ್ದು, ಯುದ್ಧದ ಸಾಲ ಎತ್ತಿದ್ದು, ಧಾನ್ಯದ ಬೆಲೆ ಏರಿದ್ದು, ಎಲ್ಲವೂ ಇಂಥ ಕಾಗದದ ವಿಷಯ. ಬೆಂಗಳೂರಿನ ಸಂಶೋಧಕ ರಾತ್ರಿಯಿಡೀ ರೈಲಿನಲ್ಲಿ ಬಂದು ನೋಡಬೇಕಾದದ್ದು ನಮಗೆ ಒಂದು ಲೋಕಲ್ ಟಿಕೆಟಿನ ದೂರ.

ಇನ್ನೊಂದು ಅಳುಕು ನಮ್ಮಲ್ಲಿ ಬಹಳ ಜನಕ್ಕಿದೆ. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರಿಗೆ ಈ ಇಂಗ್ಲಿಷ್ ಕಡತ, ಹಳೆಯ ಕೈಬರಹ ಎಲ್ಲಿ ಎಟುಕುತ್ತೆ ಅಂತ. ನಾನು ಹೇಳೋದು ಉಲ್ಟಾ. ಈ ಕೆಲಸದ ಒಂದು ಭಾಗ ಕನ್ನಡ ಬಲ್ಲವರಿಂದ ಮಾತ್ರ ಸಾಧ್ಯ. ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ 'ಅರಸು' ಅನ್ನುವುದು 'ಅರ್ಸ್' ಆಯಿತು, ಶ್ರೀರಂಗಪಟ್ಟಣ 'ಸೆರಿಂಗಪಟಂ' ಆಯಿತು. ದೊಡ್ಡ ಊರಿಗೆ, ದೊಡ್ಡ ಮನೆತನಕ್ಕೇ ಈ ಗತಿಯಾದರೆ ಬಡ ಸವಾರನ ಹೆಸರು, ಅವನ ಅಪ್ಪನ ಹೆಸರು, ಅವನ ಹೋಬಳಿಯ ಹೆಸರು ಏನಾಗಿರಬೇಡ? ಸಮಾಧಿ ಆಯೋಗದ ರಿಜಿಸ್ಟರಿನಲ್ಲಿ ಕೆಲವು ಹೆಸರುಗಳ ಮುಂದೆ ತಂದೆಯ ಹೆಸರು, ಊರು ಇದೆ. ಲಂಡನ್ನಿನ ಪಂಡಿತನಿಗೆ ಅದು ಅಕ್ಷರಗಳ ಗುಂಪು. ಮಂಡ್ಯ ಹಾಸನದ ಊರಹೆಸರು ಕೇಳಿ ಬೆಳೆದವನಿಗೆ ಅದು ಇಂಥ ತಾಲ್ಲೂಕಿನ ಇಂಥ ಊರು ಅಂತ ತಟ್ಟನೆ ಗೊತ್ತಾಗುತ್ತೆ. ಆ ಹೆಸರನ್ನು ಮತ್ತೆ ಅದರ ಸರಿಯಾದ ಉಚ್ಚಾರಕ್ಕೆ ತರುವುದು ಸಂಶೋಧನೆಯೂ ಹೌದು, ಶ್ರಾದ್ಧವೂ ಹೌದು.

ಬೇರೆಯವರು ಇದನ್ನು ಮಾಡಿ ತೋರಿಸಿದ್ದಾರೆ. ಲಾಹೋರ್ ಮ್ಯೂಸಿಯಮ್ಮಿನಲ್ಲಿ ಧೂಳು ತಿನ್ನುತ್ತಿದ್ದ ಪಂಜಾಬಿನ ರಿಜಿಸ್ಟರುಗಳಲ್ಲಿ 3,20,000 ಸೈನಿಕರ ವಿವರ ಊರುವಾರು ಇತ್ತು. ಇಂಗ್ಲೆಂಡಿನಲ್ಲಿರುವ ಪಂಜಾಬಿಗಳೇ ಮುಂದೆ ಬಂದು 2021ರಿಂದ ಅದನ್ನು ಎಲ್ಲರೂ ಹುಡುಕಬಹುದಾದ ಪಟ್ಟಿಯಾಗಿ ಬಿಡತೊಡಗಿದರು. ಮುತ್ತಜ್ಜನ ಹೆಸರು ಸಿಕ್ಕಿ ಅತ್ತವರಿದ್ದಾರೆ. ಊರು ಬಿಟ್ಟು ಬಂದವರೇ ಆ ಕೆಲಸಕ್ಕೆ ಕೈಹಾಕಿದ್ದು ಅನ್ನುವುದನ್ನು ಗಮನಿಸಿ. ನಾವೂ ಊರು ಬಿಟ್ಟು ಬಂದವರೇ.

ಆದ್ದರಿಂದ ನಮ್ಮ ಸಂಘಕ್ಕೆ ನನ್ನ ಮೂರು ಸೂಚನೆ.

ಒಂದು: ಹೆಸರಿನ ಪಟ್ಟಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ರಜೆಗೆ ಊರಿಗೆ ಹೋಗುವ ಯಾರಾದರೂ ಅಲ್ಲಿಗೆ ಹೋಗಿ ಕಲ್ಲಿನ ಮೇಲಿನದನ್ನು ಪೂರ್ತಿ ಬರೆದುಕೊಂಡು ಬರಲಿ. ಸಮಾಧಿ ಆಯೋಗದ ಪಟ್ಟಿಯ ಜೊತೆ ಒಂದೊಂದೇ ಹೆಸರು ತಾಳೆ ನೋಡೋಣ. ಸಿಕ್ಕಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕೋಣ.

ಎರಡು: ಎರಡು ದಿನದ ಕೀರ್ದಿ. 1918ರ ಸೆಪ್ಟೆಂಬರ್ 23 ಮತ್ತು ಅಕ್ಟೋಬರ್ 26, ಈ ಎರಡೇ ದಿನದ ಡೈರಿ ಪುಟಗಳು, ಎಲ್ಲಿ ಸಿಕ್ಕರೆ ಅಲ್ಲಿಂದ, ಬೇರೆ ಬೇರೆ ಪಡೆಗಳವು. ಅವನ್ನು ಕನ್ನಡಕ್ಕೆ ಮಾಡಿ ಅಕ್ಕಪಕ್ಕ ಇಡೋಣ. ಯಾರು ಏನು ಬರೆದರು, ಏನು ಬಿಟ್ಟರು ಅಂತ ಆಗ ತಾನೇ ಕಾಣುತ್ತೆ. ಇಂಗ್ಲಿಷ್ ಓದುವವರೊಬ್ಬರು, ಕನ್ನಡ ಬರೆಯುವವರೊಬ್ಬರು ಜೊತೆ ಕೂತರೆ ಇದೇನು ಬ್ರಹ್ಮವಿದ್ಯೆಯಲ್ಲ.

ಮೂರು: ಕಾಲಾಘೋಡಾ. ತಿಂಗಳಿಗೊಮ್ಮೆ ಇಬ್ಬರಂತೆ ಸರದಿ ಹಾಕಿಕೊಂಡು ಹೋಗಿ, ಪತ್ರಾಗಾರದ ಸಿಬ್ಬಂದಿಯನ್ನು ಕೇಳಿ, ಆ ನಾಲ್ಕು ಜಿಲ್ಲೆಗಳ 1914ರಿಂದ 1919ರವರೆಗಿನ ಕಡತಗಳ ಸೂಚಿಯನ್ನಾದರೂ ಬರೆದುಕೊಂಡು ಬರೋಣ. ಕಡತ ಓದುವವರು ನಮ್ಮ ನಂತರ ಬರುತ್ತಾರೆ. ಅವರಿಗೆ ದಾರಿ ತಿಳಿದಿರಲಿ.

ಇದಕ್ಕೆ ದುಡ್ಡು ಬೇಕಿಲ್ಲ, ದೊಡ್ಡವರ ಉದ್ಘಾಟನೆ ಬೇಕಿಲ್ಲ. ಬೇಕಾದದ್ದು ತಾಳ್ಮೆ, ಮತ್ತೆ ಸಿಕ್ಕಿದ್ದು ನಮ್ಮ ಇಷ್ಟಕ್ಕೆ ವಿರುದ್ಧವಾಗಿದ್ದರೂ ಹಾಗೇ ಬರೆಯುವ ನಿಷ್ಠೆ. ಬರುವ ಸೆಪ್ಟೆಂಬರಿನಲ್ಲಿ ಯಾರಾದರೂ ಮೈಕಿನ ಮುಂದೆ ನಿಂತು ಹೈಫಾ ಅಂದರೆ, ಎದುರು ಕೂತ ನಮ್ಮ ಪೈಕಿ ಒಬ್ಬರಾದರೂ ಎದ್ದು ಕೇಳಬೇಕು: "ಸಾರ್, ಆ ಎಂಟು ಜನರ ಹೆಸರೇನು? ಹರಿತಾನಿನ ಇಪ್ಪತ್ತೊಂದು ಜನರದ್ದು?"